ಚಾಮ್ ಮುಸ್ಲಿಮರಿಗಾಗಿ ಕೂಡಿಟ್ಟ ಸಾಕ್ಷ್ಯ

ಕಾಂಬೋಡಿಯದಲ್ಲಿ ಚಾಮ್ ಎಂಬ ಮುಸ್ಲಿಮ್ ಸಮುದಾಯವಿದೆ. 1975ರಿಂದ 1979ರವರೆಗೆ ಆಳಿದ ಖಮೇರ್ ರೂಜ್ ಆಡಳಿತದಲ್ಲಿ ಹಸಿವು, ದುಡಿಮೆ, ಕೊಲೆಗಳಿಂದ ದೇಶದ ಸುಮಾರು 17 ಲಕ್ಷ ಜನ ಸತ್ತರು. ಚಾಮರಿಗೆ ನಮಾಝ್ ನಿಷಿದ್ಧವಾಯಿತು, ಅವರ ಭಾಷೆಯೂ. ಕುರ್‌ಆನ್ ಪ್ರತಿಗಳನ್ನು ಸುಟ್ಟರು, ಹಂದಿಮಾಂಸ ತಿನ್ನಿಸಿದರು, ಊರುಗಳನ್ನೇ ಒಡೆದು ಜನರನ್ನು ಚದುರಿಸಿದರು.

ಇದನ್ನು ನಾವಿಂದು ಖಚಿತವಾಗಿ ಹೇಳಬಲ್ಲೆವಾದರೆ ಅದರಲ್ಲಿ ಒಂದು ವಿಶ್ವವಿದ್ಯಾಲಯದ ಪಾಲು ದೊಡ್ಡದು. ಅಮೆರಿಕದ ಯೇಲ್ ವಿಶ್ವವಿದ್ಯಾಲಯ 1995ರಲ್ಲಿ ರಾಜಧಾನಿ ನಾಮ್‌ಪೆನ್‌ನಲ್ಲಿ ದಾಖಲೆ ಕೇಂದ್ರವೊಂದನ್ನು ತೆರೆಯಿತು. ಮುಂದೆ ಸ್ವತಂತ್ರವಾದ ಆ ಕೇಂದ್ರ, ಬದುಕುಳಿದವರ ಹೇಳಿಕೆಗಳನ್ನು ಬರೆದುಕೊಂಡಿತು. 2007ರಲ್ಲಿ ಶಾಲಾ ಮಕ್ಕಳಿಗೆ ಇತಿಹಾಸ ಪುಸ್ತಕ ತಂದಿತು, ಶಿಕ್ಷಕರಿಗೆ ತರಬೇತಿ ಕೊಟ್ಟಿತು. ಅಲ್ಲಿಯವರೆಗೆ ಎಷ್ಟೋ ಮನೆಗಳಲ್ಲಿ ಹಿರಿಯರು ಹೇಳಿದ್ದನ್ನು ಮಕ್ಕಳೇ ನಂಬುತ್ತಿರಲಿಲ್ಲ!

ಕಾನೂನು ಓದುತ್ತಿರುವ ನಮ್ಮ ಮಕ್ಕಳು ಇನ್ನೊಂದನ್ನು ಗಮನಿಸಬೇಕು. ಸತ್ತವರ ಸಂಖ್ಯೆಯೊಂದರಿಂದಲೇ ಜನಾಂಗಹತ್ಯೆ ಸಾಬೀತಾಗದು. 1948ರ ವಿಶ್ವಸಂಸ್ಥೆಯ ಒಪ್ಪಂದದಂತೆ, ಒಂದು ಜನಾಂಗವನ್ನೋ ಧಾರ್ಮಿಕ ಸಮುದಾಯವನ್ನೋ ಅಳಿಸುವ ಉದ್ದೇಶವಿತ್ತೆಂದು ತೋರಿಸಬೇಕು. ಉದ್ದೇಶಕ್ಕೆ ಸಾಕ್ಷ್ಯ ಬೇಕು: ಆದೇಶಪತ್ರ, ಸಭೆಯ ಟಿಪ್ಪಣಿ, ಕಂಡವರ ಮಾತು. ವಿಶ್ವಸಂಸ್ಥೆಯ ನೆರವಿನ ನ್ಯಾಯಾಲಯಕ್ಕೆ ಆ ಕೇಂದ್ರ ಇಂಥ ದಾಖಲೆಗಳನ್ನು ಒದಗಿಸಿತು. 2018ರ ನವೆಂಬರ್‌ನಲ್ಲಿ ಖಮೇರ್ ರೂಜ್ ನಾಯಕ ನುವಾನ್ ಚಿಯಾ, ಚಾಮರ ಜನಾಂಗಹತ್ಯೆಯ ಅಪರಾಧಿ ಎಂದು ತೀರ್ಪು ಬಂತು. ಆಗ ಅವನಿಗೆ 92 ವರ್ಷ. ಸಾಕ್ಷಿ ಹೇಳಬೇಕಾಗಿದ್ದ ಎಷ್ಟೋ ಮಂದಿ ಅಷ್ಟರಲ್ಲಿ ತೀರಿಹೋಗಿದ್ದರು.