ನಿಂತ ವಿಮಾನದೊಳಗಿನ ಸೆಖೆ

ರಾಮನವಮಿಯ ಪಾನಕ, ಕೋಸಂಬರಿ ಮುಗಿಯುತ್ತಿದ್ದಂತೆ ಬಸವನಗುಡಿ, ಮಲ್ಲೇಶ್ವರ, ಚಾಮರಾಜಪೇಟೆಯ ಎಷ್ಟೋ ಮನೆಗಳಲ್ಲಿ ಹಿರಿಯರ ವಿದೇಶ ಪ್ರಯಾಣದ ಸಿದ್ಧತೆ ಶುರುವಾಗುತ್ತದೆ. ಮಗಳ ಬಾಣಂತನವೋ, ಮೊಮ್ಮಕ್ಕಳನ್ನು ನೋಡುವ ಆಸೆಯೋ, ಕಾರಣ ಯಾವುದಾದರೂ ಇರಬಹುದು. ಚಟ್ನಿಪುಡಿ, ಹುಳಿಪುಡಿಗಳ ಜೊತೆ ಆರು ತಿಂಗಳಿಗೆ ಬೇಕಾದ ಮಾತ್ರೆಗಳೂ ಪೆಟ್ಟಿಗೆ ಸೇರುತ್ತವೆ. ‘ವಿಮಾನದಲ್ಲಿ ಬಹಳ ಚಳಿಯಂತೆ’ ಎಂದು ಸ್ವೆಟರು, ಕಾಲುಚೀಲ, ಮಫ್ಲರು ಮಾತ್ರ ಮನೆಯಿಂದಲೇ ಮೈಮೇಲೆ ಏರಿರುತ್ತವೆ. ಚಳಿಯ ಮಾತು ಸುಳ್ಳಲ್ಲ. ಆದರೆ ಅದು ವಿಮಾನ ಮೇಲೇರಿದ ನಂತರದ ಮಾತು. ಬಾಗಿಲು ಮುಚ್ಚಿಕೊಂಡು ನೆಲದ ಮೇಲೆಯೇ ನಿಂತಿರುವ ಅರ್ಧ ಗಂಟೆ, ಒಂದು ಗಂಟೆ, ಕೆಲವೊಮ್ಮೆ ಅದಕ್ಕೂ ಹೆಚ್ಚು ಹೊತ್ತಿನ ಸೆಖೆಯ ಬಗ್ಗೆ ಅವರಿಗೆ ಯಾರೂ ಹೇಳಿರುವುದಿಲ್ಲ.

ಇದು ಬರೀ ಕಿರಿಕಿರಿಯ ವಿಷಯವಲ್ಲ. 2024ರ ಮೇ 30ರಂದು ದೆಹಲಿಯಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ಹೊರಡಬೇಕಿದ್ದ ವಿಮಾನವೊಂದು ತಡವಾಗಿ, ಪ್ರಯಾಣಿಕರು ತಣ್ಣನೆಯ ಗಾಳಿಯಿಲ್ಲದೆ ಒಳಗೆ ಕೂರಬೇಕಾಯಿತು. ಆ ವಾರ ದೆಹಲಿಯ ಉಷ್ಣಾಂಶ 45 ಡಿಗ್ರಿ ದಾಟಿತ್ತು. ಕೆಲವರು ಮೂರ್ಛೆ ಹೋದರೆಂದು ಜೊತೆಯಲ್ಲಿದ್ದವರು ಹೇಳಿದರು. ಸರ್ಕಾರ ವಿಮಾನ ಸಂಸ್ಥೆಗೆ ಕಾರಣ ಕೇಳಿ ನೋಟಿಸು ಕೊಟ್ಟಿತು. ದೆಹಲಿಯ ಮಾತು ನಮಗೇಕೆ ಎನ್ನಬೇಡಿ. ನಮ್ಮ ಊರಿನಿಂದ ಅಮೆರಿಕೆಗೆ ಹೋಗುವವರಲ್ಲಿ ಅನೇಕರು ದೆಹಲಿ, ಮುಂಬಯಿ ಅಥವಾ ಕೊಲ್ಲಿ ದೇಶಗಳಲ್ಲಿ ಇಳಿದು ವಿಮಾನ ಬದಲಿಸುತ್ತಾರೆ. ಬೆಂಗಳೂರು ಕೂಡ ಫ್ಯಾನಿಲ್ಲದೆ ಮಲಗುತ್ತಿದ್ದ ಊರಾಗಿ ಉಳಿದಿಲ್ಲ. 2016ರ ಏಪ್ರಿಲ್ 25ರಂದು ಇಲ್ಲಿ 39.2 ಡಿಗ್ರಿ, 2024ರ ಏಪ್ರಿಲ್ 28ರಂದು 38.5 ಡಿಗ್ರಿ ದಾಖಲಾಗಿದೆ.

ಇಷ್ಟು ದುಬಾರಿ ಯಂತ್ರದೊಳಗೆ ಒಂದಿಷ್ಟು ತಂಪು ಗಾಳಿ ಯಾಕಿಲ್ಲ ಎಂದು ನೀವು ಕೇಳಬಹುದು. ಬಹುತೇಕ ವಿಮಾನಗಳ ಹವಾನಿಯಂತ್ರಣ ನಮ್ಮ ಮನೆಯ ಏಸಿಯಂತೆ ಬರೀ ವಿದ್ಯುತ್ತಿನಿಂದ ನಡೆಯುವುದಿಲ್ಲ. ಅದಕ್ಕೆ ಎಂಜಿನ್ನಿನಿಂದ ಒತ್ತಡದ ಗಾಳಿ ಬರಬೇಕು. ನಿಂತಿರುವಾಗ ದೊಡ್ಡ ಎಂಜಿನ್ನುಗಳು ನಿಂತಿರುತ್ತವೆ. ಆಗ ಬಾಲದ ಭಾಗದಲ್ಲಿರುವ ಸಣ್ಣ ಸಹಾಯಕ ಎಂಜಿನ್ ಆ ಕೆಲಸ ಮಾಡಬೇಕು, ಇಲ್ಲವೇ ನಿಲ್ದಾಣದವರು ದಪ್ಪ ಕೊಳವೆ ಜೋಡಿಸಿ ಹೊರಗಿನಿಂದ ತಂಪು ಗಾಳಿ ತುಂಬಬೇಕು. ಸಣ್ಣ ಎಂಜಿನ್ ಇಂಧನ ಕುಡಿಯುತ್ತದೆ, ಸದ್ದು ಮಾಡುತ್ತದೆ, ಕೆಲವೊಮ್ಮೆ ಕೆಟ್ಟಿರುತ್ತದೆ. ಅದು ಕೆಟ್ಟಿದ್ದರೂ ಕೆಲವು ಷರತ್ತುಗಳೊಡನೆ ವಿಮಾನ ಹಾರಬಹುದು. ನೆಲದಿಂದ ವಿದ್ಯುತ್ ಮಾತ್ರ ಕೊಟ್ಟಿದ್ದರೆ ದೀಪಗಳೆಲ್ಲ ಉರಿಯುತ್ತವೆ, ಗಾಳಿ ಮಾತ್ರ ತಣ್ಣಗಿರುವುದಿಲ್ಲ. ಹೊರಡುವ ಮುನ್ನ ದೊಡ್ಡ ಎಂಜಿನ್ ಚಾಲೂ ಮಾಡುವಾಗಲೂ ಒಂದೆರಡು ನಿಮಿಷ ತಂಪು ನಿಲ್ಲುತ್ತದೆ. ಇದಕ್ಕೆ ಗಾಬರಿಯಾಗಬೇಕಿಲ್ಲ. ತೇವ ಹೆಚ್ಚಿರುವ ಮಂಗಳೂರಿನಂಥ ಊರಿನಲ್ಲಿ ತಲೆಯ ಮೇಲಿನ ಕಿಂಡಿಯಿಂದ ಬಿಳಿ ಮಂಜು ಹೊರಬರುವುದುಂಟು. ಅದು ಹೊಗೆಯಲ್ಲ, ತಂಪಿಗೆ ಹೆಪ್ಪುಗಟ್ಟಿದ ಗಾಳಿಯ ತೇವ ಅಷ್ಟೇ.

ಹೊರಗೆ ಬಿಸಿಲಿಗೆ ಕಾದ ನೆಲ, ಮೇಲೆ ಕಾದ ಲೋಹದ ಮೈ, ತೆರೆಯಲಾಗದ ಕಿಟಕಿಗಳು. ಇವು ಸಾಲದೆಂಬಂತೆ ಒಳಗಿರುವ ನಾವೇ ಒಲೆಗಳು. ಸುಮ್ಮನೆ ಕೂತ ಮನುಷ್ಯನ ದೇಹ ಸುಮಾರು ನೂರು ವ್ಯಾಟ್ ಶಾಖವನ್ನು ಹೊರಬಿಡುತ್ತದೆ. 180 ಜನ ತುಂಬಿದ ವಿಮಾನವೆಂದರೆ ಮುಚ್ಚಿದ ಕೊಳವೆಯೊಳಗೆ ಹಳೆಯ ಕಾಲದ ನೂರು ವ್ಯಾಟಿನ 180 ಬಲ್ಬುಗಳನ್ನು ಉರಿಸಿಟ್ಟಂತೆ.

ಸುತ್ತಲಿನ ಗಾಳಿಯ ಬಿಸಿ ಚರ್ಮದ ಬಿಸಿಯನ್ನು, ಅಂದರೆ ಸುಮಾರು 35 ಡಿಗ್ರಿಯನ್ನು ಮುಟ್ಟಿದಾಗ ದೇಹಕ್ಕೆ ಉಳಿಯುವ ಉಪಾಯ ಬೆವರೊಂದೇ. ಬೆವರು ಸುರಿದರೆ ಸಾಲದು, ಆರಬೇಕು. ಆರುವಾಗ ಮಾತ್ರ ಅದು ಶಾಖವನ್ನು ಒಯ್ಯುತ್ತದೆ. ನೂರಾರು ಜನರ ಉಸಿರು, ಬೆವರಿನಿಂದ ತೇವಗೊಂಡು ಅಲುಗಾಡದೆ ನಿಂತ ಗಾಳಿಯಲ್ಲಿ ಅದು ಆರುವುದಿಲ್ಲ, ಬೆನ್ನ ಮೇಲೆ ಹರಿದು ವ್ಯರ್ಥವಾಗುತ್ತದೆ. ಕಲಬುರಗಿಯ ಬಿಸಿಲನ್ನು ತಡೆದುಕೊಂಡವರೂ ಮಂಗಳೂರಿನ ಸೆಖೆಗೆ ಸೋಲುವುದು ಇದೇ ಕಾರಣಕ್ಕೆ. ಜೊತೆಗೆ ಶಾಖವನ್ನು ಹೊರದೂಡಲು ಚರ್ಮದ ರಕ್ತನಾಳಗಳು ಹಿಗ್ಗುತ್ತವೆ, ಕಾಲು ಇಳಿಬಿಟ್ಟು ಕೂತಿರುವುದರಿಂದ ರಕ್ತ ಕೆಳಗೆ ಇಳಿಯುತ್ತದೆ, ರಕ್ತದೊತ್ತಡ ತಗ್ಗುತ್ತದೆ. ಚೀಲ ತೆಗೆಯಲೆಂದು ತಟ್ಟನೆ ಎದ್ದು ನಿಂತಾಗ ಕಣ್ಣು ಕತ್ತಲಿಟ್ಟು ಬೀಳುವವರು ಇಂಥವರೇ.

ವಯಸ್ಸಾದಂತೆ ಬೆವರುವುದು ಕಡಿಮೆ, ಬಾಯಾರಿಕೆ ತಿಳಿಯುವುದೂ ಕಡಿಮೆ. ಮೂತ್ರ ಹೆಚ್ಚಿಸುವ ರಕ್ತದೊತ್ತಡದ ಮಾತ್ರೆಗಳು ನೀರನ್ನು ಹೊರಹಾಕುತ್ತವೆ. ಹೃದಯದ ಬಡಿತ ತಗ್ಗಿಸುವ ಮಾತ್ರೆಗಳು ಸೆಖೆಗೆ ಹೃದಯ ಸ್ಪಂದಿಸುವುದನ್ನು ತಡೆಯುತ್ತವೆ. ಕೆಲವು ಮಾನಸಿಕ ಕಾಯಿಲೆಯ ಔಷಧಗಳು, ನೆಗಡಿಯ ಕೆಲವು ಮಾತ್ರೆಗಳು ಬೆವರನ್ನೇ ಕಡಿಮೆ ಮಾಡುತ್ತವೆ. ಹಾಗೆಂದು ಪ್ರಯಾಣದ ದಿನ ಯಾವ ಮಾತ್ರೆಯನ್ನೂ ನೀವಾಗಿಯೇ ಬಿಡಬೇಡಿ. ಯಾವ ಹೊತ್ತಿಗೆ ತೆಗೆದುಕೊಳ್ಳಬೇಕೆಂದು ವಾರ ಮೊದಲೇ ನಿಮ್ಮ ವೈದ್ಯರನ್ನು ಕೇಳಿ.

ಇವೆಲ್ಲಕ್ಕಿಂತ ಹೆಚ್ಚು ಕೇಡು ಮಾಡುವುದು ನಮ್ಮ ಮನೆಯಲ್ಲೇ ಶುರುವಾಗುವ ಒಂದು ಅಭ್ಯಾಸ. ದಾರಿಯಲ್ಲಿ ಶೌಚಾಲಯಕ್ಕೆ ಹೋಗಬೇಕಾದೀತೆಂದು ಹಿರಿಯರು, ಅದರಲ್ಲೂ ತಾಯಂದಿರು, ಬೆಳಗಿನಿಂದಲೇ ನೀರು ಬಿಟ್ಟಿರುತ್ತಾರೆ. ಹಿಂದೆ ಎಚ್‌ಎಎಲ್ ನಿಲ್ದಾಣವಿದ್ದಾಗ ದಾರಿ ಹತ್ತಿರವಿತ್ತು. 2008ರಿಂದ ದೇವನಹಳ್ಳಿಗೆ ಹೋಗಬೇಕು. ಬಸವನಗುಡಿಯಿಂದ ಹೊರಟು ಹೆಬ್ಬಾಳ ದಾಟುವಷ್ಟರಲ್ಲೇ ಒಂದು ಗಂಟೆ ಕಳೆದಿರುತ್ತದೆ. ವಿದೇಶಕ್ಕೆ ಹೋಗುವವರು ನಿಲ್ದಾಣದಲ್ಲಿ ಮೂರು ಗಂಟೆ ಮುಂಚೆ ಇರಬೇಕು. ಹೀಗೆ ವಿಮಾನದ ಆಸನದಲ್ಲಿ ಕೂರುವ ಹೊತ್ತಿಗೆ ಐದಾರು ಗಂಟೆ ಗಂಟಲಿಗೆ ನೀರಿಳಿದಿರುವುದಿಲ್ಲ. ಬೆವರಬೇಕಾದ ದೇಹದಲ್ಲಿ ನೀರೇ ಇಲ್ಲ, ಮೇಲೆ ಉಣ್ಣೆಯ ಸ್ವೆಟರು. ಸೆಖೆ ಒಳಗಿದ್ದವರಿಗೆಲ್ಲ ಒಂದೇ. ಬೀಳುವವರು ಹೀಗೆ ಒಣಗಿ ಬಂದವರು.

ಆದ್ದರಿಂದ ಹೊರಡುವ ದಿನ ನೀರುಮಜ್ಜಿಗೆ, ಎಳನೀರು, ತಿಳಿಸಾರು ಎಂದಿನಂತೆ ಕುಡಿಯಲಿ. ಹೃದಯ ಅಥವಾ ಮೂತ್ರಪಿಂಡದ ತೊಂದರೆಗೆ ನೀರಿನ ಮಿತಿ ಹೇಳಿಸಿಕೊಂಡವರು ಮಾತ್ರ ಆ ಮಿತಿ ಮೀರಬಾರದು. ಟಿಕೆಟ್ ಮಾಡುವಾಗಲೇ ನಡುದಾರಿಯ ಪಕ್ಕದ ಆಸನ ಕೇಳಿ ಪಡೆದರೆ ಶೌಚಾಲಯದ ಸಂಕೋಚ ಅರ್ಧ ಕಡಿಮೆಯಾಗುತ್ತದೆ. ಖಾಲಿ ಬಾಟಲಿ ಒಯ್ದು ಭದ್ರತಾ ತಪಾಸಣೆ ಮುಗಿದ ಮೇಲೆ ತುಂಬಿಸಿಕೊಳ್ಳಿ. ಒಂದೆರಡು ಓಆರ್‌ಎಸ್ ಪೊಟ್ಟಣ ಕೈಚೀಲದಲ್ಲಿರಲಿ. ಅದರ ಮೇಲೆ ಬರೆದಷ್ಟೇ ನೀರಿಗೆ ಬೆರೆಸಬೇಕು. ತೆಳುವಾದ ಹತ್ತಿಯ ಸೀರೆಯೋ ಪಂಚೆಯೋ ಉಟ್ಟು, ಸ್ವೆಟರನ್ನು ಚೀಲದಲ್ಲಿಟ್ಟುಕೊಳ್ಳುವುದು ಜಾಣತನ.

ಗಾಲಿಕುರ್ಚಿಯ ನೆರವು ಪಡೆಯುವವರಿಗೆ ಒಂದು ಮಾತು. ಅವರನ್ನು ಸಾಮಾನ್ಯವಾಗಿ ಎಲ್ಲರಿಗಿಂತ ಮೊದಲು ಒಳಗೆ ಕೂರಿಸುತ್ತಾರೆ, ಕೊನೆಯಲ್ಲಿ ಇಳಿಸುತ್ತಾರೆ. ಅನುಕೂಲಕ್ಕೆಂದು ಮಾಡಿದ ಈ ಏರ್ಪಾಟಿನಿಂದಾಗಿ ನಿಂತ ವಿಮಾನದ ಸೆಖೆಯಲ್ಲಿ ಹೆಚ್ಚು ಹೊತ್ತು ಇರುವವರು ಎಲ್ಲರಿಗಿಂತ ದುರ್ಬಲರೇ ಆಗುತ್ತಾರೆ. ನೀರಿನ ಬಾಟಲಿ ಇವರ ಮಡಿಲಲ್ಲೇ ಇರಬೇಕು, ಮೇಲಿನ ಗೂಡಿನಲ್ಲಲ್ಲ.

ಒಳಗೆ ಕೂತ ಮೇಲೆ ಸೆಖೆಯೆನಿಸಿದರೆ ಬಿಸಿಲಿನ ಕಡೆಯ ಕಿಟಕಿಯ ಪರದೆ ಇಳಿಸಿ, ತಲೆಯ ಮೇಲಿನ ಗಾಳಿಯ ಕಿಂಡಿ ಪೂರ್ತಿ ತಿರುಗಿಸಿ. ಬೂಟು, ಕಾಲುಚೀಲ ಕಳಚಿ. ಕರವಸ್ತ್ರ ಒದ್ದೆ ಮಾಡಿ ಕತ್ತು, ಮುಖ, ತೋಳುಗಳನ್ನು ಒರೆಸಿಕೊಂಡು, ಎದುರಿನ ಜೇಬಿನಲ್ಲಿರುವ ಗಟ್ಟಿ ಕಾಗದದಿಂದ ಬೀಸಿಕೊಳ್ಳಿ. ಬೀಸಣಿಗೆ ಹಳೆಯ ಉಪಾಯವಾದರೂ ಒದ್ದೆ ಚರ್ಮದ ಮೇಲೆ ಅದಕ್ಕಿಂತ ಒಳ್ಳೆಯದು ಅಲ್ಲಿ ಸಿಗದು. ಪಾದಗಳನ್ನು ಆಗಾಗ ಮೇಲೆ ಕೆಳಗೆ ಆಡಿಸುತ್ತಿರಿ.

ತಲೆನೋವು, ವಾಕರಿಕೆ, ಸುಸ್ತು, ವಿಪರೀತ ಬೆವರು, ತಣ್ಣನೆಯ ಒದ್ದೆ ಚರ್ಮ ಕಂಡರೆ ದೇಹ ಸೋಲುತ್ತಿದೆ ಎಂದು ಅರ್ಥ. ತಕ್ಷಣ ಕರೆಗುಂಡಿ ಒತ್ತಿ. ತಲೆ ಸುತ್ತಿದವರನ್ನು ಆಸನಗಳ ಮೇಲೆ ಅಡ್ಡ ಮಲಗಿಸಿ ಕಾಲುಗಳನ್ನು ಎತ್ತರದಲ್ಲಿಡಿ. ಎಚ್ಚರವಿದ್ದರೆ ಗುಟುಕು ಗುಟುಕಾಗಿ ನೀರು ಕೊಡಿ, ಇಲ್ಲದಿದ್ದರೆ ಬಾಯಿಗೆ ಏನೂ ಹಾಕಬೇಡಿ. ಮಾತು ತೊದಲಿದರೆ, ತಾನೆಲ್ಲಿದ್ದೇನೆಂಬುದು ತಿಳಿಯದಿದ್ದರೆ, ಮೈ ಕೆಂಡದಂತೆ ಸುಡುತ್ತಿದ್ದರೆ ಅದು ಶಾಖಾಘಾತ. ದೇಹದ ಒಳಗಿನ ಉಷ್ಣಾಂಶ ಆಗ 40 ಡಿಗ್ರಿ ದಾಟಿರುತ್ತದೆ, ಪ್ರತಿ ನಿಮಿಷವೂ ಮುಖ್ಯ. ಜ್ವರದ ಮಾತ್ರೆ ಇಲ್ಲಿ ಕೆಲಸಕ್ಕೆ ಬಾರದು. ಮೈಗೆಲ್ಲ ನೀರು ಚಿಮುಕಿಸಿ ಬೀಸುತ್ತಿರಬೇಕು, ಕಂಕುಳು, ಕತ್ತಿಗೆ ಮಂಜುಗಡ್ಡೆಯ ಚೀಲ ಇಡಬೇಕು, ಆಸ್ಪತ್ರೆಗೆ ಸಾಗಿಸಬೇಕು.

ನಮ್ಮವರ ಇನ್ನೊಂದು ತೊಂದರೆ ಸಂಕೋಚ. ‘ಎಲ್ಲರೂ ಸುಮ್ಮನಿದ್ದಾರೆ, ನಾನೇಕೆ ಹೇಳಲಿ’ ಎಂದು ಒದ್ದಾಡುತ್ತಾರೆ. ‘ಏಸಿ ಹಾಕಿ’ ಎಂದು ಕೂಗಿದರೆ ಗಗನಸಖಿ ಸಮಾಧಾನ ಹೇಳಿ ಹೋಗಬಹುದು. ‘ಇವರಿಗೆ ಎಪ್ಪತ್ತೆಂಟು ವರ್ಷ, ಹೃದಯದ ಕಾಯಿಲೆಯಿದೆ, ತಲೆ ಸುತ್ತುತ್ತಿದೆ’ ಎಂದರೆ ಅದು ಪೈಲಟ್‌ವರೆಗೆ ಮುಟ್ಟುತ್ತದೆ. ಇಂಗ್ಲಿಷ್ ಬಾರದ ತಂದೆತಾಯಿ ಒಬ್ಬರೇ ಹೋಗುತ್ತಿದ್ದರೆ, ವಯಸ್ಸು, ಕಾಯಿಲೆ, ಮಾತ್ರೆಗಳ ಹೆಸರಿನ ಜೊತೆ ‘ನನಗೆ ತಲೆ ಸುತ್ತುತ್ತಿದೆ, ನೀರು ಬೇಕು’ ಎಂದು ಇಂಗ್ಲಿಷಿನಲ್ಲಿ ಬರೆದ ಚೀಟಿಯನ್ನು ಜೇಬಿಗೆ ಹಾಕಿ ಕಳುಹಿಸಿ. ಅಮೆರಿಕದ ನಿಲ್ದಾಣಗಳಲ್ಲಿ ದೇಶದೊಳಗಿನ ವಿಮಾನ ಮೂರು ಗಂಟೆ, ವಿದೇಶದ್ದು ನಾಲ್ಕು ಗಂಟೆ ಮೀರಿ ನಿಂತರೆ ಇಳಿಯುವ ಅವಕಾಶ ಕೊಡಬೇಕೆಂಬ ನಿಯಮವಿದೆ. ನಮ್ಮಲ್ಲೂ ಹತ್ತಿದ ಮೇಲೆ ಬಹಳ ತಡವಾದರೆ ಪ್ರಯಾಣಿಕರನ್ನು ಹೊರಗೆ ಬಿಡಲು ಅನುಕೂಲವಾಗುವ ಸೂಚನೆಗಳನ್ನು 2024ರಲ್ಲಿ ಹೊರಡಿಸಲಾಗಿದೆ. ಆದರೆ ಅಸ್ವಸ್ಥರಾದವರು ಯಾವ ಗಡಿಯಾರಕ್ಕೂ ಕಾಯಬೇಕಿಲ್ಲ.

ಕೈಕೂಸುಗಳಿಗೆ ಹೇಳಿಕೊಳ್ಳಲು ಬಾರದು. ಮಗು ಅತ್ತೂ ಅತ್ತೂ ಇದ್ದಕ್ಕಿದ್ದಂತೆ ಸಪ್ಪಗಾದರೆ ನಿದ್ದೆ ಬಂತೆಂದು ಸಮಾಧಾನಪಡಬೇಡಿ, ಎಬ್ಬಿಸಿ ನೋಡಿ. ಕುಲಾವಿ, ಶಾಲು ತೆಗೆದು ಬರೀ ತೆಳುವಾದ ಅಂಗಿಯಲ್ಲಿರಿಸಿ. ಆರು ತಿಂಗಳೊಳಗಿನ ಮಗುವಿಗೆ ನೀರಿನ ಬದಲು ಎದೆಹಾಲನ್ನೇ ಮೇಲಿಂದ ಮೇಲೆ ಕುಡಿಸಬೇಕು. ಹಾಲೂಡುವ ತಾಯಿ ಎಲ್ಲರಿಗಿಂತ ಹೆಚ್ಚು ನೀರು ಕುಡಿಯಬೇಕು.