ಮರಳಿನೊಳಗಿನ ಐವತ್ತು ದಿನ

ಜನವರಿ 19, ಕಾಸರಕೋಡು ಕಡಲತೀರ, ಹೊನ್ನಾವರ

ರಾತ್ರಿ ಒಂದೂವರೆ. ಮೊದಲು ಕೇಳಿಸಿದ್ದು ಉಸಿರು, ದಣಿದವರು ಹೊರೆ ಇಳಿಸಿ ಬಿಟ್ಟಂಥ ಉಸಿರು. ಟಾರ್ಚು ಹಚ್ಚದೆ ಕುಕ್ಕರುಗಾಲಿನಲ್ಲಿ ಕುಳಿತೆವು. ಆಲಿವ್ ರಿಡ್ಲಿ ಕಡಲಾಮೆ ಅಡುಂಬು ಬಳ್ಳಿಯ ಅಂಚಿನವರೆಗೆ ತೆವಳಿ ಬಂದು, ಹಿಂಗಾಲುಗಳನ್ನು ಒಂದಾದ ಮೇಲೊಂದು ಇಳಿಸಿ, ಸೌಟಿನಲ್ಲಿ ಮೊಗೆದ ಹಾಗೆ ಮರಳು ಮೊಗೆಯಿತು. ಮೊಳದಾಳದ ಗುಂಡಿ, ತಳ ಅಗಲ, ಬಾಯಿ ಕಿರಿದು. ಮೊಟ್ಟೆಗಳು ಎರಡು ಮೂರರಂತೆ ಬಿದ್ದವು. ಒಂದು ಗೂಡಿನಲ್ಲಿ ಸಾಮಾನ್ಯವಾಗಿ ನೂರರ ಆಸುಪಾಸು ಇರುತ್ತವೆ. ಎಣಿಸಲು ಕೈ ಹಾಕಲಿಲ್ಲ. ಗುಂಡಿ ಮುಚ್ಚಿದ ಮೇಲೆ ಅದು ಎಡಕ್ಕೂ ಬಲಕ್ಕೂ ವಾಲಾಡುತ್ತ ಹೊಟ್ಟೆಯ ಚಿಪ್ಪಿನಿಂದ ಮರಳನ್ನು ಬಡಿದು ಗಟ್ಟಿ ಮಾಡಿತು. ಆಮೇಲೆ ತಿರುಗಿ ನೋಡದೆ ನೀರಿಗಿಳಿಯಿತು.

“ನಮ್ಮ ಚಿಕ್ಕಂದಿನಲ್ಲಿ ಈ ಮೊಟ್ಟೆ ಬುಟ್ಟಿಗೆ ತುಂಬ್ತಿದ್ರು ಮಾಸ್ತರ್ರೇ. ಈಗ ನಾವೇ ಕಾಯ್ತೇವೆ,” ಎಂದರು ಜೊತೆಗಿದ್ದ ಹಿರಿಯ ಮೀನುಗಾರರು. ಬೆಳಗಾಗುತ್ತಲೇ ಅರಣ್ಯ ಇಲಾಖೆಯವರು ಬಂದು, ನಾಯಿ ನರಿ ಕೆದಕದಂತೆ ಗೂಡಿನ ಸುತ್ತ ಬಲೆ ಕಟ್ಟಿದರು.

ಫೆಬ್ರವರಿ 6

ಒಪ್ಪಿಗೆ ಪಡೆದು, ಗೂಡಿನಿಂದ ಒಂದು ಮಾರು ಆಚೆ, ಮೊಟ್ಟೆಗಳಿರುವಷ್ಟೇ ಆಳಕ್ಕೆ ಉಷ್ಣಮಾಪಕ ಇಳಿಸಿದೆ. ಮೇಲಿನ ಮರಳಿನ ಮೇಲೆ ಮಧ್ಯಾಹ್ನ ಬರಿಗಾಲಿಡಲಾಗದು. ಮೊಳದಾಳದಲ್ಲಿ ಹಗಲಿಗೂ ರಾತ್ರಿಗೂ ಹೆಚ್ಚು ವ್ಯತ್ಯಾಸವಿಲ್ಲ. ಇವತ್ತು 29.9 ಡಿಗ್ರಿ ಸೆಲ್ಸಿಯಸ್.

ಈ ಅಂಕಿಯ ಮೇಲೆಯೇ ನನ್ನ ಕಣ್ಣು. ನಮ್ಮ ಹಾಗೆ ಕಡಲಾಮೆಗೆ ಗಂಡು ಹೆಣ್ಣು ಗರ್ಭ ಕಟ್ಟುವಾಗಲೇ ತೀರ್ಮಾನವಾಗುವುದಿಲ್ಲ. ಮೊಟ್ಟೆ ಮರಳಿನಲ್ಲಿರುವ ದಿನಗಳನ್ನು ಮೂರು ಪಾಲು ಮಾಡಿದರೆ, ನಡುವಿನ ಪಾಲಿನ ಶಾಖ ಅದನ್ನು ನಿರ್ಧರಿಸುತ್ತದೆ. 29 ಡಿಗ್ರಿಯ ಆಸುಪಾಸಿನಲ್ಲಿ ಎರಡೂ ಹುಟ್ಟುತ್ತವೆ. ಅದಕ್ಕಿಂತ ತಂಪಾದಷ್ಟೂ ಗಂಡು, ಬಿಸಿಯಾದಷ್ಟೂ ಹೆಣ್ಣು. ಈ ಗೂಡಿನ ನಡುಪಾಲು ಈಗಷ್ಟೇ ಶುರುವಾಗಿದೆ.

ಫೆಬ್ರವರಿ 20

30.8. ಎರಡು ವಾರದಲ್ಲಿ ಒಂದು ಡಿಗ್ರಿಯ ಹತ್ತಿರ ಏರಿದೆ. ಅರಬ್ಬಿ ಸಮುದ್ರ ಕಳೆದ ಕೆಲವು ದಶಕಗಳಿಂದ ಬಿಸಿಯಾಗುತ್ತಲೇ ಬಂದಿದೆ. ತೀರದ ಗಾಳಿಯೂ ಮರಳೂ ಅದರ ಜೊತೆಗೇ ಬಿಸಿಯೇರುತ್ತವೆ. ಅಲೆ ಕೊರೆದಲ್ಲಿ ಕಲ್ಲು ಸುರಿದಿದ್ದಾರೆ. ಮುಂಜಾನೆ ಒಂದು ಆಮೆ ಆ ಕಲ್ಲಿನವರೆಗೆ ಬಂದು, ಉದ್ದಕ್ಕೂ ತಡಕಿ, ಮೊಟ್ಟೆಯಿಡದೆ ಮರಳಿದ ಗುರುತು ನೋಡಿದೆ. ಶಾಖ ಸರಿಯಿಲ್ಲವೆಂದು ಬೇರೆ ಜಾಗ ಹುಡುಕುವ ಅವಕಾಶವೂ ಅವಕ್ಕೆ ಕಿರಿದಾಗುತ್ತಿದೆ.

2018ರಲ್ಲಿ ಪ್ರಕಟವಾದ ಆಸ್ಟ್ರೇಲಿಯಾದ ಅಧ್ಯಯನವೊಂದು ಮತ್ತೆ ಮತ್ತೆ ನೆನಪಾಗುತ್ತದೆ. ಗ್ರೇಟ್ ಬ್ಯಾರಿಯರ್ ರೀಫಿನ ಉತ್ತರದ ಬೆಚ್ಚನೆಯ ತೀರಗಳಲ್ಲಿ ಹುಟ್ಟಿದ ಹಸಿರು ಕಡಲಾಮೆಗಳ ಎಳೆಯ ಪೀಳಿಗೆಯಲ್ಲಿ ನೂರಕ್ಕೆ 99 ಹೆಣ್ಣು. ಒಂದು ಗಂಡು ಹಲವು ಹೆಣ್ಣುಗಳನ್ನು ಕೂಡಬಲ್ಲದು, ಹೆಣ್ಣಿಗಿಂತ ಬೇಗ ಮತ್ತೆ ಬೆದೆಗೆ ಬರಬಲ್ಲದು. ಆದ್ದರಿಂದ ಹೆಣ್ಣು ಹೆಚ್ಚಾದ ಮಾತ್ರಕ್ಕೆ ಸಂತತಿ ಕೂಡಲೇ ಕುಸಿಯುವುದಿಲ್ಲ. ಕೆಲವು ಕಾಲ ಗೂಡುಗಳು ಹೆಚ್ಚೂ ಆಗಬಹುದು. ನನ್ನನ್ನು ಕಾಡುವುದು ಆ ಸಮೃದ್ಧಿಯೇ. ಗೂಡು ಎಣಿಸಿ ಸಮಾಧಾನಪಡುವ ನಮಗೆ ಗಂಡು ಕಡಿಮೆಯಾದದ್ದು ಗೊತ್ತಾಗುವುದೇ ತಡವಾಗಿ.

ಮಾರ್ಚ್ 3

ಕೊನೆಯ ಪಾಲಿನಲ್ಲಿ ಬೆಳೆಯುತ್ತಿರುವ ಮರಿಗಳ ಮೈಶಾಖವೇ ಗೂಡನ್ನು ಸುತ್ತಲಿನ ಮರಳಿಗಿಂತ ಬಿಸಿಮಾಡುತ್ತದೆ. ಈ ಬಿಸಿ ಲಿಂಗ ಬದಲಿಸದು, ಮಿತಿ ಮೀರಿದರೆ ಮರಿಗಳನ್ನು ಕೊಲ್ಲುತ್ತದೆ. ಗೂಡಿನ ಮೇಲೆ ನೆರಳಿಗೆಂದು ಇಲಾಖೆಯವರು ತೆಂಗಿನ ಮಡಲು ಕಟ್ಟಿದ್ದಾರೆ.

ಮಾರ್ಚ್ 9

ಐವತ್ತನೆಯ ದಿನ. ಸಂಜೆ ಗೂಡಿನ ನೆತ್ತಿ ಬಟ್ಟಲಿನಂತೆ ಕುಸಿದಿತ್ತು. ಚಿಪ್ಪೊಡೆದ ಮರಿಗಳು ಒಂದರ ಬೆನ್ನೇರಿ ಒಂದು ಮೇಲೆ ಬಂದು, ಮೇಲ್ಮರಳು ತಣಿಯಲೆಂದು ಅಲ್ಲೇ ಕಾಯುತ್ತಿದ್ದವು. ಎಂಟು ಗಂಟೆಗೆ ಒಂದು ಪುಟ್ಟ ತಲೆ. ಆಮೇಲೆ ಅಕ್ಕಿ ಕುದಿ ಬಂದ ಹಾಗೆ ಮರಳೆಲ್ಲ ಉಕ್ಕಿತು. ಬಲೆ ಸರಿಸಿದೆವು. ಅಲೆಯ ಬಿಳಿ ಹೊಳಪಿನತ್ತ ಓಡಿದವು, ಬಿದ್ದವು, ಎದ್ದವು. 94 ಎಣಿಸಿದೆ.

“ಗಂಡೆಷ್ಟು, ಹೆಣ್ಣೆಷ್ಟು ಮಾಸ್ತರ್ರೇ?” ಎಂದು ಹಿರಿಯರು ಕೇಳಿದರು. ಮರಿಯ ಹೊರಮೈ ನೋಡಿ ಹೇಳಲು ಯಾರಿಗೂ ಆಗದು. ಎಲ್ಲವೂ ಒಂದೇ ಬಣ್ಣ, ಒಂದೇ ಅವಸರ. ಬದುಕುಳಿದವು ಪ್ರಾಯಕ್ಕೆ ಬರಲು ಹತ್ತು ಹದಿನೈದು ವರ್ಷ ಬೇಕು.

ಟಿಪ್ಪಣಿ ಪುಸ್ತಕದಲ್ಲಿ ಗಂಡು, ಹೆಣ್ಣು ಎಂದು ಗೆರೆ ಹೊಡೆದ ಎರಡು ಮನೆಗಳು ಖಾಲಿ ಉಳಿದಿವೆ. ಪಕ್ಕದಲ್ಲಿ ಫೆಬ್ರವರಿಯ ಶಾಖ ಬರೆದಿಟ್ಟಿದ್ದೇನೆ: 29.9, 30.8. ಮುಂದೊಂದು ದಿನ ಆಮೆಗಳು ತಪ್ಪದೆ ಬಂದು, ಮರಳು ಮೊಗೆದು, ನೂರು ಮೊಟ್ಟೆಯಿಟ್ಟು ಹೋದ ಗೂಡಿನಿಂದ ಒಂದೂ ಮರಿ ಏಳದಿದ್ದರೆ, ಆಗ ಕಾವಲಿರುವವರು ಈ ಪುಟ ತೆರೆಯಲಿ.