ಹದಿನಾರು ತಾಸಿನ ರಾತ್ರಿಗೆ ಅರ್ಧ ಗ್ರಾಂ ಕೊಬ್ಬು

ಡಿಸೆಂಬರ್ ಕೊನೆಯ ವಾರದಲ್ಲಿ ಇಂಗ್ಲೆಂಡಿನ ಆಕ್ಸ್‌ಫರ್ಡ್‌ನಲ್ಲಿ ಸಂಜೆ ನಾಲ್ಕು ಗಂಟೆಯ ಹೊತ್ತಿಗೆಲ್ಲ ಸೂರ್ಯ ಮುಳುಗಿರುತ್ತಾನೆ. ಮತ್ತೆ ಮೂಡುವುದು ಮರುದಿನ ಬೆಳಿಗ್ಗೆ ಎಂಟು ದಾಟಿದ ಮೇಲೆ. ನಡುವಿನ ಹದಿನಾರು ತಾಸು ಅಲ್ಲಿನ ತೋಟಗಳ ಪುಟ್ಟ ಹಕ್ಕಿಗಳಿಗೆ ಪೂರ್ಣ ಉಪವಾಸ. ಕತ್ತಲಲ್ಲಿ ಅವುಗಳಿಗೆ ಕಣ್ಣು ಕಾಣದು, ಹುಳ ಹುಡುಕಲಾಗದು. ಹಗಲು ಸಿಕ್ಕ ಎಂಟೇ ತಾಸಿನಲ್ಲಿ ತಿಂದದ್ದನ್ನು ಒಡಲಲ್ಲಿ ಕೂಡಿಟ್ಟುಕೊಂಡು, ಅದನ್ನೇ ಉರಿಸುತ್ತ ಬೆಳಗು ಕಾಣಬೇಕು.

ಇಂಥ ಹಕ್ಕಿಗಳಲ್ಲಿ ಎಲ್ಲರ ಕಣ್ಣಿಗೂ ಬೀಳುವುದು ಬ್ಲೂ ಟಿಟ್. ನೀಲಿ ನೆತ್ತಿ, ಹಳದಿ ಹೊಟ್ಟೆ, ಬಿಳಿ ಮುಖದ ಮೇಲೆ ಕಣ್ಣನ್ನು ಹಾಯ್ದು ಹೋಗುವ ಕಪ್ಪು ಗೆರೆ. ತೂಕ ಸುಮಾರು 11 ಗ್ರಾಂ. ಹೊರಗೆ ಸೊನ್ನೆ ಡಿಗ್ರಿ ಇದ್ದರೂ ಒಳಗೆ 40 ಡಿಗ್ರಿಯ ಆಸುಪಾಸಿನ ಶಾಖ ಉಳಿಸಿಕೊಳ್ಳಬೇಕು. ಸಣ್ಣ ಒಡಲಿಗೆ ಇದು ದುಬಾರಿ ವ್ಯವಹಾರ. ಹಂಡೆಯ ನೀರು ತಾಸುಗಟ್ಟಲೆ ಬಿಸಿಯಾಗಿರುತ್ತದೆ, ಲೋಟದ ಕಾಫಿ ಮಾತಾಡುತ್ತ ಕೂತರೆ ಆರಿಹೋಗುತ್ತದೆ. ಗಾತ್ರ ಕಿರಿದಾದಷ್ಟೂ, ಒಳಗಿರುವ ಶಾಖಕ್ಕೆ ಹೋಲಿಸಿದರೆ ಅದು ಸೋರಿಹೋಗುವ ಮೈ ದೊಡ್ಡದು. ಹಕ್ಕಿ ಪುಕ್ಕಗಳನ್ನು ಉಬ್ಬಿಸಿ ಅವುಗಳ ನಡುವೆ ಗಾಳಿಯನ್ನು ಹಿಡಿದಿಟ್ಟುಕೊಳ್ಳುತ್ತದೆ, ಕೊಕ್ಕನ್ನು ಬೆನ್ನಿನ ಗರಿಗಳಲ್ಲಿ ಹುದುಗಿಸುತ್ತದೆ, ಮರದ ಪೊಟರೆ ಸಿಕ್ಕರೆ ಒಳಸೇರುತ್ತದೆ. ಇಷ್ಟಾದರೂ ಬೆಳಗಾಗುವುದರೊಳಗೆ ಮೈತೂಕದಲ್ಲಿ ಸುಮಾರು ಶೇಕಡಾ 5ರಷ್ಟು ಕರಗಿರುತ್ತದೆ, ಕಡುಚಳಿಯಾದರೆ ಶೇಕಡಾ 10ರ ಹತ್ತಿರ. ಅಂದರೆ ಅರ್ಧದಿಂದ ಒಂದು ಗ್ರಾಂ. ಅದರಲ್ಲಿ ದೊಡ್ಡ ಪಾಲು ಕೊಬ್ಬು.

ಕೊಬ್ಬೇ ಏಕೆ ಬೇಕು? ಒಂದು ಗ್ರಾಂ ಕೊಬ್ಬು ಉರಿದರೆ ಸುಮಾರು 9 ಕಿಲೊಕ್ಯಾಲೊರಿ, ಪಿಷ್ಟವಾದರೆ 4. ಆದರೆ ನಿಜವಾದ ವ್ಯತ್ಯಾಸ ಇದಕ್ಕಿಂತಲೂ ದೊಡ್ಡದು. ಪ್ರಾಣಿದೇಹ ಪಿಷ್ಟವನ್ನು ಗ್ಲೈಕೋಜೆನ್ ರೂಪದಲ್ಲಿ ಕೂಡಿಡುತ್ತದೆ, ಮತ್ತು ಪ್ರತಿ ಗ್ರಾಂ ಗ್ಲೈಕೋಜೆನ್ ತನ್ನೊಂದಿಗೆ ಮೂರು ಗ್ರಾಮಿನಷ್ಟು ನೀರನ್ನೂ ಹಿಡಿದುಕೊಂಡಿರುತ್ತದೆ. ಕೊಬ್ಬಿಗೆ ಈ ನೀರಿನ ಹೊರೆಯಿಲ್ಲ. ಲೆಕ್ಕ ಹಾಕಿ ನೋಡಿ: ಅರ್ಧ ಗ್ರಾಂ ಕೊಬ್ಬು ಕೊಡುವ ಶಕ್ತಿಗೆ ನೀರೂ ಸೇರಿ ನಾಲ್ಕೂವರೆ ಗ್ರಾಂ ಗ್ಲೈಕೋಜೆನ್ ಬೇಕು. 11 ಗ್ರಾಮಿನ ಹಕ್ಕಿ ಅಷ್ಟನ್ನು ಹೊತ್ತು ಹಾರುವ ಮಾತೇ ಇಲ್ಲ.

ಬ್ರಿಟನ್ನಿನ ಮನೆಗಳಲ್ಲಿ ಚಳಿಗಾಲ ಬಂತೆಂದರೆ ಹಿತ್ತಿಲ ಮರಕ್ಕೆ ಕೊಬ್ಬಿನ ಉಂಡೆ ನೇತುಹಾಕುವುದು ಇದಕ್ಕೇ. ಅಂಗಡಿಯಲ್ಲಿ ಸಿದ್ಧ ಉಂಡೆಗಳು ಸಿಗುತ್ತವೆ. ಆದರೆ ಒಳಗೆ ಏನು ಹಾಕಿದ್ದೇವೆಂದು ತಿಳಿದಿರಲಿ ಎನ್ನುವವರು ಮನೆಯಲ್ಲೇ ಕಟ್ಟುತ್ತಾರೆ. ನನ್ನ ಮತವೂ ಅದೇ. ಇದಕ್ಕೆ ಅವರು ಬಳಸುವುದು ಸೂಯೆಟ್, ಅಂದರೆ ದನ ಅಥವಾ ಕುರಿಯ ಮೂತ್ರಪಿಂಡಗಳ ಸುತ್ತ ಕಟ್ಟಿಕೊಂಡಿರುವ ಗಟ್ಟಿ ಬಿಳಿ ಕೊಬ್ಬು. ಕಡುಬಿನಂಥ ಪುಡಿಂಗುಗಳಿಗೆ ಅದನ್ನು ಹಾಕುವುದು ಅಲ್ಲಿನ ಹಳೆಯ ಅಡುಗೆ. ಹೀಗಾಗಿ ತುರಿದ ಸೂಯೆಟ್‌ನ ಪೊಟ್ಟಣ ದಿನಸಿ ಅಂಗಡಿಯಲ್ಲೇ ಸಿಗುತ್ತದೆ. ಹಂದಿಯ ಕೊಬ್ಬಾದ ಲಾರ್ಡ್ ಕೂಡ ನಡೆಯುತ್ತದೆ.

ಯಾವ ಕೊಬ್ಬಾದರೂ ಸೈ ಎನ್ನುವಂತಿಲ್ಲ. ಇಲ್ಲಿ ಸ್ವಲ್ಪ ರಸಾಯನಶಾಸ್ತ್ರ ಬೇಕಾಗುತ್ತದೆ. ಸೂಯೆಟ್‌ನಲ್ಲಿ ಸ್ಟಿಯರಿಕ್, ಪಾಮಿಟಿಕ್ ಮುಂತಾದ ಪರ್ಯಾಪ್ತ ಕೊಬ್ಬಿನಾಮ್ಲಗಳು ಹೆಚ್ಚು. ಇವುಗಳ ಇಂಗಾಲದ ಸರಪಳಿಗಳು ನೆಟ್ಟಗಿರುವುದರಿಂದ ಒತ್ತೊತ್ತಾಗಿ ಜೋಡಿಸಿಕೊಂಡು ಗಟ್ಟಿಯಾಗುತ್ತವೆ. 45 ಡಿಗ್ರಿ ದಾಟುವವರೆಗೂ ಪೂರ್ತಿ ಕರಗುವುದಿಲ್ಲ. ಅಡುಗೆ ಎಣ್ಣೆಯ ಸರಪಳಿಗಳು ಅಲ್ಲಲ್ಲಿ ಸೊಟ್ಟಗಾಗಿವೆ, ಒಂದಕ್ಕೊಂದು ಹೊಂದಿ ಕೂರಲಾರವು. ಆದ್ದರಿಂದಲೇ ಅದು ದ್ರವ. ಬ್ರೆಡ್ಡಿಗೆ ಸವರುವ ಮೆತ್ತನೆಯ ಮಾರ್ಗರೀನ್ ಇವೆರಡರ ನಡುವಿನದು. ಮೆತ್ತಗಿರುವ ಕೊಬ್ಬು ಹಕ್ಕಿಯ ಎದೆಗೆ, ಕತ್ತಿಗೆ ಮೆತ್ತಿಕೊಳ್ಳುತ್ತದೆ. ಗರಿಯ ಎಳೆಗಳು ಕೊಕ್ಕೆಗಳಿಂದ ಒಂದಕ್ಕೊಂದು ಬೆಸೆದುಕೊಂಡಿರುವುದರಿಂದಲೇ ನೀರು ಒಳಗೆ ಇಳಿಯುವುದಿಲ್ಲ, ಬಿಸಿಗಾಳಿ ಹೊರಗೆ ಹೋಗುವುದಿಲ್ಲ. ಎಣ್ಣೆ ಹತ್ತಿದ ಎಳೆಗಳು ಜಡೆಗಟ್ಟುತ್ತವೆ. ಹಕ್ಕಿಯನ್ನು ಬೆಚ್ಚಗಿಡಲೆಂದು ಕೊಟ್ಟ ಕೊಬ್ಬು ಅದರ ಕಂಬಳಿಯನ್ನೇ ಹರಿದಂತಾಯಿತು.

ಮಾಂಸ ಹುರಿದ ಬಾಣಲೆಯಲ್ಲಿ ಉಳಿದ ಜಿಡ್ಡನ್ನು ಹಕ್ಕಿಗೆ ಹಾಕುವುದು ಎಲ್ಲಕ್ಕಿಂತ ಕೆಟ್ಟದ್ದು. ಕ್ರಿಸ್‌ಮಸ್ ಊಟದ ಮರುದಿನ ಬಹಳ ಜನ ಹೀಗೆ ಮಾಡುತ್ತಾರೆಂದೇ 1889ರಲ್ಲಿ ಹುಟ್ಟಿದ ಅಲ್ಲಿನ ಪಕ್ಷಿ ಸಂರಕ್ಷಣಾ ಸಂಸ್ಥೆ ಆರ್‌ಎಸ್‌ಪಿಬಿ ಇದರ ವಿರುದ್ಧ ಎಚ್ಚರಿಸುತ್ತಲೇ ಬಂದಿದೆ. ಮಾಂಸದ ರಸ ಬೆರೆತ ಜಿಡ್ಡು ಗಟ್ಟಿಯಾಗುವುದಿಲ್ಲ, ಅದರಲ್ಲಿ ಬ್ಯಾಕ್ಟೀರಿಯಾ ಬೆಳೆಯುತ್ತವೆ, ಜೊತೆಗೆ ಉಪ್ಪು. ಉಪ್ಪನ್ನು ಹೊರಹಾಕುವ ಶಕ್ತಿ ತೋಟದ ಹಕ್ಕಿಗಳ ಮೂತ್ರಪಿಂಡಕ್ಕೆ ಬಹಳ ಕಡಿಮೆ.

ಉಂಡೆ ಕಟ್ಟುವುದು ಕಷ್ಟವೇನಲ್ಲ. ಅಳತೆಯಲ್ಲಿ ಒಂದು ಪಾಲು ಕೊಬ್ಬು, ಎರಡು ಪಾಲು ಒಣ ಪದಾರ್ಥ: ಓಟ್ಸ್, ಸೂರ್ಯಕಾಂತಿ ಬೀಜ, ಉಪ್ಪಿಲ್ಲದ ಕಡಲೆಕಾಯಿ ಬೀಜದ ತರಿ, ಒಂದಿಷ್ಟು ತುರಿದ ಚೀಸ್. ಕೊಬ್ಬನ್ನು ಸಣ್ಣ ಉರಿಯಲ್ಲಿ ಕರಗಿಸಬೇಕು, ಹೊಗೆಯಾಡಲು ಬಿಡಬಾರದು. ಮೊದಲು ಅಂಚಿನಲ್ಲಿ ಚಿಟಪಟ ಸದ್ದು ಬರುತ್ತದೆ. ಅದು ಒಳಗಿನ ನೀರು ಆವಿಯಾಗುವ ಸದ್ದು. ಸದ್ದು ಅಡಗಿ ಕೊಬ್ಬು ತಿಳಿಯಾದಾಗ ಇಳಿಸಿ ಬೀಜಗಳನ್ನು ಸುರಿದು ಕಲೆಸುತ್ತಾರೆ. ತಳಕ್ಕೆ ತೂತು ಹೊಡೆದು ದಾರ ಪೋಣಿಸಿದ ಮೊಸರಿನ ಕಪ್ಪಿಗೆ ಒತ್ತಿ ತುಂಬಿ ರಾತ್ರಿಯಿಡೀ ಫ್ರಿಜ್ಜಿನಲ್ಲಿಟ್ಟರೆ ಆಯಿತು. ಬೆಳಿಗ್ಗೆ ಕಪ್ಪನ್ನು ಕತ್ತರಿಸಿ ತೆಗೆದು ದಾರವನ್ನು ಕೊಂಬೆಗೆ ಕಟ್ಟುವುದು. ಒಣದ್ರಾಕ್ಷಿ ಹಾಕುವವರು ನಾಯಿ ಇರುವ ಮನೆಯಲ್ಲಿ ಎಚ್ಚರವಾಗಿರಬೇಕು, ನಾಯಿಗೆ ಅದು ವಿಷ. ಅಂಗಡಿಯ ಉಂಡೆ ನೈಲಾನ್ ಬಲೆಯಲ್ಲಿ ಬಂದಿದ್ದರೆ ಬಲೆಯನ್ನು ಕಿತ್ತೆಸೆದೇ ಉಂಡೆಯನ್ನು ಇಡಬೇಕು. ಅದರ ಎಳೆಗಳಲ್ಲಿ ಹಕ್ಕಿಯ ಉಗುರು ಸಿಕ್ಕಿಕೊಂಡರೆ ಬಿಡಿಸಿಕೊಳ್ಳಲಾಗದೆ ನೇತಾಡುತ್ತ ಸಾಯುತ್ತದೆ.

ಬ್ಲೂ ಟಿಟ್ ಉಂಡೆಗೆ ಬಂದು ಕೂರುವುದಿಲ್ಲ, ತಲೆಕೆಳಗಾಗಿ ಜೋತುಬೀಳುತ್ತದೆ. ಮೈ ಹಗುರ, ಕಾಲು ಗಟ್ಟಿ. ಕಾಡಿನಲ್ಲಿ ತೆಳು ರೆಂಬೆಗಳ ಅಡಿಭಾಗದಲ್ಲಿ ಅಡಗಿದ ಹುಳಗಳನ್ನು ಹೆಕ್ಕುವ ವರಸೆಯೇ ಇಲ್ಲಿಯೂ. ಮೊನಚು ಕೊಕ್ಕಿನಿಂದ ಕುಟ್ಟಿ ಒಂದು ಚೂರು ಕಿತ್ತು, ಪಕ್ಕದ ಪೊದೆಗೆ ಹಾರಿ, ಆ ಚೂರನ್ನು ಕಾಲಿನಡಿ ಒತ್ತಿ ಹಿಡಿದು ತಿನ್ನುತ್ತದೆ. ಭಾರದ ಸ್ಟಾರ್ಲಿಂಗ್‌ಗಳಿಗೆ ಈ ಕಸರತ್ತು ಅಷ್ಟು ಸಲೀಸಲ್ಲ. ಆದರೂ ಹಿಂಡು ಬಂದರೆ ಉಂಡೆ ಒಂದೇ ಹೊತ್ತಿಗೆ ಖಾಲಿ. ಬೂದು ಅಳಿಲಂತೂ ದಾರ ಸಮೇತ ಹೊತ್ತೊಯ್ಯುವ ಗಿರಾಕಿ.

ಹಕ್ಕಿಗಳಿಗೆ ಹೀಗೆ ಕೊಬ್ಬು ಉಣಿಸುವುದನ್ನು ಶಾಸ್ತ್ರಬದ್ಧವಾಗಿ ಮಾಡಹೊರಟವರಲ್ಲಿ ಜರ್ಮನಿಯ ಜಹಗೀರುದಾರ ಹಾನ್ಸ್ ಫಾನ್ ಬೆರ್ಲೆಪ್ಶ್ ಪ್ರಮುಖ. 20ನೇ ಶತಮಾನದ ಆರಂಭದಲ್ಲಿ ತುರಿಂಗಿಯಾದ ಸೀಬಾಖ್ ಎಂಬಲ್ಲಿನ ತನ್ನ ಎಸ್ಟೇಟನ್ನೇ ಅವನು ಪಕ್ಷಿಗಳ ಪ್ರಯೋಗಶಾಲೆ ಮಾಡಿಕೊಂಡಿದ್ದ. ಒಣಬ್ರೆಡ್ಡು, ಮಾಂಸದ ಪುಡಿ, ಸೆಣಬಿನ ಬೀಜ, ಗಸಗಸೆ, ಸಿರಿಧಾನ್ಯ, ಸೂರ್ಯಕಾಂತಿ, ಇರುವೆಯ ಮೊಟ್ಟೆ ಎಲ್ಲ ಬೆರೆಸಿ, ಅದರ ಒಂದೂವರೆ ಪಟ್ಟು ದನ ಅಥವಾ ಕುರಿಯ ಕೊಬ್ಬು ಕರಗಿಸಿ, ಬಿಸಿಯಿರುವಾಗಲೇ ಸೂಚಿಪರ್ಣದ ಮರದ ಕೊಂಬೆಗಳ ಮೇಲೆ ಸುರಿಯುತ್ತಿದ್ದ. ಈಗಿನ ಉಂಡೆಗಿಂತ ಕೊಬ್ಬು ಎಷ್ಟೋ ಹೆಚ್ಚು. ಸುರಿಯುವ ಪಾಕ ತೆಳ್ಳಗೇ ಇರಬೇಕಲ್ಲ.

ಕೊಬ್ಬು ಇಷ್ಟು ಅಮೂಲ್ಯವಾದರೆ ಹಕ್ಕಿ ಸಿಕ್ಕಷ್ಟೂ ತಿಂದು ದಪ್ಪಗಾಗಬೇಕಿತ್ತು. ಹಾಗಾಗುವುದಿಲ್ಲ. ಆಕ್ಸ್‌ಫರ್ಡ್ ಪಕ್ಕದ ವೈಟಮ್ ಕಾಡಿನಲ್ಲಿ 1947ರಿಂದ ಗ್ರೇಟ್ ಟಿಟ್‌ಗಳ ಅಧ್ಯಯನ ನಡೆಯುತ್ತಿದೆ. ಬ್ಲೂ ಟಿಟ್‌ಗಿಂತ ತುಸು ದೊಡ್ಡದಾದ, 18 ಗ್ರಾಮಿನ ಆಸುಪಾಸಿನ ಹಕ್ಕಿ ಅದು. ಅವುಗಳನ್ನು ಬೇಟೆಯಾಡುವ ಸ್ಪ್ಯಾರೋಹಾಕ್ ಎಂಬ ಡೇಗೆ ಕೀಟನಾಶಕಗಳ ದೆಸೆಯಿಂದ 1960ರ ಹೊತ್ತಿಗೆ ಇಂಗ್ಲೆಂಡಿನ ಬಹುಭಾಗದಿಂದ ಕಣ್ಮರೆಯಾಗಿತ್ತು. ಕೀಟನಾಶಕಗಳಿಗೆ ಕಡಿವಾಣ ಬಿದ್ದ ಮೇಲೆ ಮರಳಿ ಬಂತು. ಸಂಶೋಧಕ ಆಂಡ್ರೂ ಗಾಸ್ಲರ್ ಮತ್ತು ಸಂಗಡಿಗರು ಹಳೆಯ ತೂಕದ ದಾಖಲೆಗಳನ್ನು ಕೆದಕಿ 1995ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬರೆದರು: ಡೇಗೆ ಇಲ್ಲದ ವರ್ಷಗಳಲ್ಲಿ ಟಿಟ್‌ಗಳ ಚಳಿಗಾಲದ ತೂಕ ಏರಿತ್ತು, ಡೇಗೆ ಮರಳಿದೊಡನೆ ಇಳಿಯಿತು. ಭಾರದ ಹಕ್ಕಿ ದಿಢೀರನೆ ಮೇಲೇರಲಾರದು. ಕೊಬ್ಬು ಕಡಿಮೆಯಾದರೆ ರಾತ್ರಿ ಸಾವು, ಹೆಚ್ಚಾದರೆ ಹಗಲು ಸಾವು. ಇವೆರಡರ ನಡುವೆ ಅರ್ಧ ಗ್ರಾಂ ಅತ್ತಿತ್ತ ತೂಗಿ ನೋಡುವ ಲೆಕ್ಕಾಚಾರ ಹಕ್ಕಿಯ ಮೈಗೇ ಗೊತ್ತು.

ಕೊಬ್ಬಿನ ಜಾಡು ಹಿಡಿಯುವುದರಲ್ಲಿಯೂ ಟಿಟ್‌ಗಳು ಜಾಣ. 1921ರಲ್ಲಿ ಸೌತಾಂಪ್ಟನ್ ಬಳಿಯ ಸ್ವೇತ್ಲಿಂಗ್‌ನಲ್ಲಿ, ಬಾಗಿಲಲ್ಲಿಟ್ಟ ಹಾಲಿನ ಬಾಟಲಿಯ ಮುಚ್ಚಳ ಹರಿಯುತ್ತಿದ್ದ ಟಿಟ್‌ಗಳು ಕಂಡುಬಂದವು. ಮುಂದೆ ಈ ಚಾಳಿ ದೇಶದ ಎಷ್ಟೋ ಊರುಗಳಿಗೆ ಹಬ್ಬಿತು. ಸಂಶೋಧಕರಾದ ಜೇಮ್ಸ್ ಫಿಷರ್ ಮತ್ತು ರಾಬರ್ಟ್ ಹೈಂಡ್ 1949ರಲ್ಲಿ ಅದರ ನಕ್ಷೆಯನ್ನೇ ಬರೆದರು. ಹಾಲಿನ ಸಕ್ಕರೆ ಹಕ್ಕಿಗೆ ಸರಿಯಾಗಿ ಅರಗುವುದಿಲ್ಲ. ಅವು ಕದ್ದದ್ದು ಮೇಲೆ ಕಟ್ಟಿದ ಕೆನೆಯನ್ನು ಮಾತ್ರ.

ಹೀಗೆಂದು ಕೊಬ್ಬಿನ ಉಂಡೆ ಪೂರ್ತಿ ಪುಣ್ಯದ ಕೆಲಸ ಎನ್ನಲಾಗದು. ಇಂಗ್ಲೆಂಡಿನ ಕಾರ್ನ್‌ವಾಲ್‌ನ ಕಾಡುಗಳಲ್ಲಿ ಬ್ಲೂ ಟಿಟ್‌ಗಳಿಗೆ ಚಳಿಗಾಲವಿಡೀ ಬರೀ ಕೊಬ್ಬು ಕೊಟ್ಟು ನೋಡಿದ ಅಧ್ಯಯನವೊಂದು 2013ರಲ್ಲಿ ಪ್ರಕಟವಾಯಿತು. ಏನೂ ಕೊಡದ ಕಾಡುಗಳಿಗೆ ಹೋಲಿಸಿದರೆ, ಕೊಬ್ಬು ತಿಂದ ಕಡೆ ಮುಂದಿನ ವಸಂತದಲ್ಲಿ ಹುಟ್ಟಿದ ಮರಿಗಳು ಸೊರಗಿದ್ದವು, ಬದುಕುಳಿದದ್ದೂ ಕಡಿಮೆ. ಬರೀ ಕೊಬ್ಬಿನಲ್ಲಿ ಬೇರೆ ಪೋಷಕಾಂಶಗಳಿಲ್ಲದ್ದು ಕಾರಣವಿರಬಹುದು, ಅಥವಾ ಚಳಿಗೆ ಸಾಯಬೇಕಿದ್ದ ದುರ್ಬಲ ಹಕ್ಕಿಗಳೂ ಉಳಿದು ಮೊಟ್ಟೆಯಿಟ್ಟದ್ದೂ ಇರಬಹುದು. ಬೀಜ ಬೆರೆಸಿದ ಉಂಡೆ ಬರೀ ಕೊಬ್ಬಿಗಿಂತ ಮೇಲು ಎಂದು ನಾನು ಹೇಳುವುದು ಈ ಕಾರಣಕ್ಕೆ. ರೋಗದ ಭಯವೂ ಇದೆ. ಟ್ರೈಕೊಮೊನಾಸ್ ಎಂಬ ಗಂಟಲಿನ ಪರಾವಲಂಬಿ 2005ರಿಂದೀಚೆಗೆ ಬ್ರಿಟನ್ನಿನ ಗ್ರೀನ್‌ಫಿಂಚ್ ಹಕ್ಕಿಗಳನ್ನು ಅರ್ಧಕ್ಕಿಂತ ಕಡಿಮೆಗಿಳಿಸಿತು. ಎಂಜಲು ಬಿದ್ದ ಕಾಳು, ಒದ್ದೆ ತಟ್ಟೆಗಳ ಮೂಲಕ ಅದು ಹರಡುತ್ತದೆ. ತಟ್ಟೆ ತೊಳೆಯಲು ಪುರುಸೊತ್ತಿಲ್ಲದವರು ಹಕ್ಕಿಗೆ ಊಟ ಇಡದಿರುವುದೇ ವಾಸಿ.

ದನದ ಕೊಬ್ಬನ್ನು ಅಡುಗೆಮನೆಗೆ ತರಲಾಗದ ಕನ್ನಡಿಗರ ಮನೆಗಳು ಲಂಡನ್ ಸುತ್ತಮುತ್ತ ಬೇಕಾದಷ್ಟಿವೆ. ಅವರು ಚಿಂತಿಸಬೇಕಿಲ್ಲ. ಸೂರ್ಯಕಾಂತಿ ಬೀಜ, ಕಡಲೆಕಾಯಿ ಬೀಜ ಎರಡರಲ್ಲೂ ತೂಕದ ಅರ್ಧದಷ್ಟು ಕೊಬ್ಬೇ. ಕಡಲೆಕಾಯಿಗೆ ಬೂಷ್ಟು ಹಿಡಿದಿರಬಾರದು, ಅಷ್ಟೆ. ಬೂಷ್ಟಿನ ಅಫ್ಲಟಾಕ್ಸಿನ್ ಎಂಬ ವಿಷ ಹಕ್ಕಿಯನ್ನು ಕೊಲ್ಲುತ್ತದೆ. ಇನ್ನೂ ಸುಲಭದ್ದು ತೆಂಗಿನ ಹೋಳು. ಕಾಯಿನೀರಿನ ಸಿಹಿ ಉಳಿಯದಂತೆ ತೊಳೆದು, ಕಣ್ಣಿಗೆ ತೂತು ಹೊಡೆದು, ಬೋರಲಾಗಿ ನೇತುಹಾಕಿದರೆ ಟಿಟ್‌ಗಳು ಒಳಹೊಕ್ಕು ಕುಕ್ಕುತ್ತವೆ. ಒಣಗಿಸಿದ ಕೊಬ್ಬರಿ ತುರಿ ಮಾತ್ರ ಬೇಡ, ಹೊಟ್ಟೆಯೊಳಗೆ ಉಬ್ಬಿಕೊಳ್ಳುತ್ತದೆ. ತುಪ್ಪವೂ ಬೇಡ, ತುಸು ಬಿಸಿಲಿಗೇ ಮೆತ್ತಗಾಗಿ ಗರಿಗೆ ಅಂಟುವಂಥದ್ದು ಅದು.

ಇದನ್ನು ಓದಿ ಬೆಂಗಳೂರಿನಲ್ಲೋ ಶಿವಮೊಗ್ಗದಲ್ಲೋ ಕೊಬ್ಬಿನ ಉಂಡೆ ಕಟ್ಟಲು ಹೊರಡಬೇಡಿ. ಗ್ರೇಟ್ ಟಿಟ್‌ನ ಹತ್ತಿರದ ಸಂಬಂಧಿ ಬೂದು ಟಿಟ್ ನಮ್ಮ ಗುಡ್ಡಗಾಡಿನಲ್ಲೂ ಇದೆ. ಆದರೆ ನಮ್ಮ ಅತಿ ದೀರ್ಘ ರಾತ್ರಿಯೂ ಹದಿಮೂರು ತಾಸು ಮುಟ್ಟುವುದಿಲ್ಲ, ಹುಳಹುಪ್ಪಟೆ ವರ್ಷವಿಡೀ ಸಿಗುತ್ತವೆ, ಮಾರ್ಚ್ ಬಿಸಿಲಿಗೆ ಕೊಬ್ಬು ಕಮಟು ಹಿಡಿದು ಸೋರುತ್ತದೆ. ಇಲ್ಲಿನ ಹಕ್ಕಿಗೆ ಬೇಸಿಗೆಯಲ್ಲಿ ಬೇಕಾದದ್ದು ನೀರು. ಎರಡು ಬೆರಳು ಆಳದ ಮಣ್ಣಿನ ತಟ್ಟೆಯನ್ನು ಬೆಕ್ಕಿಗೆ ಎಟುಕದ ನೆರಳಿನಲ್ಲಿಡಿ, ದಿನಾ ತೊಳೆದು ಹೊಸ ನೀರು ಹಾಕಿ.